ಮೆದುಳು ಭಯ ಕಲಿಯುವ ಬಗೆಯನ್ನು ಕಂಪ್ಯೂಟರ್‌ನಲ್ಲಿ ಕಟ್ಟಿ ನೋಡುವುದು: ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜುಗಳಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಈ ವಿಷಯ ಹಿಡಿದವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲ ದಿನವೇ ದೊಡ್ಡ ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳಿಂದ ಕಲಿಯುವ ಪ್ರೋಗ್ರಾಂ) ಡೌನ್‌ಲೋಡ್ ಮಾಡುತ್ತಾರೆ. ಅದರ ಪದರಗಳಿಗೆ ಅಮಿಗ್ಡಲಾ, ಹಿಪ್ಪೊಕ್ಯಾಂಪಸ್ ಅಂತ ಮೆದುಳಿನ ಭಾಗಗಳ ಹೆಸರಿಡುತ್ತಾರೆ. ಮುಖದ ಫೋಟೊಗಳನ್ನು ಹಾಕಿ ಟ್ರೇನ್ ಮಾಡುತ್ತಾರೆ. ಅಕ್ಯುರಸಿ ಏನೋ ಬರುತ್ತದೆ. ಆದರೆ ವೈವಾದಲ್ಲಿ "ಇದರಲ್ಲಿ ಮೆದುಳು ಎಲ್ಲಿದೆ?" ಅಂತ ಕೇಳಿದರೆ ಬಾಯಿ ಕಟ್ಟಿಹೋಗುತ್ತದೆ.

ಕೋಡ್ ಸರಿಯೇ ಇರುತ್ತದೆ, ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಪ್ರಾಣಿಯ ವರ್ತನೆ ಗೊತ್ತಿರಬೇಕು. ಆಮೇಲೆ ಅದಕ್ಕೆ ಸಾಕಾಗುವಷ್ಟು ಚಿಕ್ಕ ಲೆಕ್ಕ ಮಾಡಬೇಕು. ಆ ಲೆಕ್ಕ ಸೋತ ಕಡೆ ಮಾತ್ರ ಮೆದುಳಿನ ಒಂದು ಭಾಗವನ್ನು ತಂದು ಸೇರಿಸಬೇಕು. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ಯಾವುದನ್ನೂ ಹಾರಿಸಬೇಡಿ.

ಬೇಕಾಗುವ ಸಾಮಾನು

ಪೈಥಾನ್ 3, ಅದರ ಜೊತೆ ಲೆಕ್ಕಕ್ಕೆ ನಂಪೈ, ಗ್ರಾಫ್‌ಗೆ ಮ್ಯಾಟ್‌ಪ್ಲಾಟ್‌ಲಿಬ್. 4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ. ಹಂತ 7ರ ಮುಖದ ಕೆಲಸಕ್ಕೆ ಮಾತ್ರ ಗೂಗಲ್ ಕೋಲ್ಯಾಬ್ (ಇಂಟರ್ನೆಟ್ ಮೂಲಕ ಗೂಗಲ್‌ನ ಕಂಪ್ಯೂಟರಿನಲ್ಲಿ ಕೋಡ್ ಓಡಿಸುವ ಸೌಲಭ್ಯ) ಇದ್ದರೆ ಅನುಕೂಲ. ಅದನ್ನು ಲ್ಯಾಪ್‌ಟಾಪ್‌ನಲ್ಲೇ ಓಡಿಸುವವರು ಬೆಳಗಿನ ಹೊತ್ತು ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳ ರಾಯಚೂರು ಬಿಸಿಲಿಗೆ ಮಧ್ಯಾಹ್ನ ಲ್ಯಾಪ್‌ಟಾಪ್ ಕಾಯ್ದು ತಾನಾಗಿಯೇ ನಿಧಾನವಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಒಂದು ಗ್ರಾಫ್ ಪುಸ್ತಕ ಮತ್ತು ಪೆನ್ಸಿಲ್. ಮೊದಲ ಎರಡು ಹಂತಕ್ಕೆ ಕಂಪ್ಯೂಟರ್ ತೆರೆಯುವ ಅಗತ್ಯವೇ ಇಲ್ಲ.

ಹಂತ 1: ಯಾವ ವರ್ತನೆ ಬೇಕು ಅಂತ ಕಾಗದದ ಮೇಲೆ ಬರೆಯಿರಿ

ಪುಸ್ತಕದಲ್ಲಿರುವ ಇಲಿ, ವಿದ್ಯುತ್ ಶಾಕ್ ಬದಲು ನಮ್ಮ ಕಡೆಯದೇ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಂಡೂರು ಭಾಗದ ಗಣಿಗಳಲ್ಲಿ ಬ್ಲಾಸ್ಟಿಂಗ್‌ಗೆ ಮೊದಲು ಎಚ್ಚರಿಕೆಯ ಸೈರನ್ ಕೂಗಿಸುತ್ತಾರೆ. ಆಮೇಲೆ ನೆಲ ನಡುಗುವ ಸದ್ದು. ಹತ್ತಿರದ ಊರಿಗೆ ಹೊಸದಾಗಿ ಬಂದ ಒಂದು ನಾಯಿಯನ್ನು ಊಹಿಸಿಕೊಳ್ಳಿ. ಮೊದಲ ದಿನ ಸೈರನ್‌ಗೆ ಕಿವಿ ನಿಮಿರಿಸುತ್ತದೆ, ಅಷ್ಟೆ. ಕೆಲವು ದಿನ ಕಳೆದ ಮೇಲೆ ಸೈರನ್ ಶುರುವಾದ ಕೂಡಲೇ ಬಾಲ ಮುದುರಿಕೊಂಡು ಕಟ್ಟೆಯ ಕೆಳಗೆ ಸೇರಿಕೊಳ್ಳುತ್ತದೆ, ಸ್ಫೋಟ ಇನ್ನೂ ಆಗಿರುವುದೇ ಇಲ್ಲ.

ಇಲ್ಲಿ ಸೈರನ್ ಸುಳಿವು. ಸ್ಫೋಟ ಪೆಟ್ಟು. ಮುದುರಿ ಕೂರುವುದು ಪ್ರತಿಕ್ರಿಯೆ. ನಿಮ್ಮ ಮಾದರಿ ನಾಲ್ಕು ವರ್ತನೆ ತೋರಿಸಬೇಕು ಅಂತ ಬರೆದುಕೊಳ್ಳಿ. ಸೈರನ್ ಮತ್ತು ಸ್ಫೋಟ ಒಟ್ಟಿಗೆ ಬಂದಾಗ ಭಯ ಏರಬೇಕು. ಬರೀ ಸೈರನ್ ಬಂದು ಸ್ಫೋಟ ಆಗದಿದ್ದರೆ ಭಯ ತಣಿಯಬೇಕು. ತಣಿದ ಭಯ ದಿನ ಕಳೆದ ಮೇಲೆ ಅಥವಾ ಜಾಗ ಬದಲಾದಾಗ ಮರಳಬೇಕು. ಈಗಾಗಲೇ ಸೈರನ್ ಕಲಿತ ನಾಯಿಗೆ ಸೈರನ್ ಜೊತೆ ಕೆಂಪು ದೀಪವನ್ನೂ ತೋರಿಸಿದರೆ, ದೀಪದ ಬಗ್ಗೆ ಅದು ಹೆಚ್ಚೇನೂ ಕಲಿಯಬಾರದು.

ಒಂದೊಂದಕ್ಕೂ ನೀವು ನಿರೀಕ್ಷಿಸುವ ಗೆರೆಯನ್ನು ಕೈಯಲ್ಲೇ ಎಳೆಯಿರಿ. ಈ ಕಾಗದವನ್ನು ಕೊನೆತನಕ ಬದಲಿಸಬೇಡಿ. ಫಲಿತಾಂಶ ನೋಡಿದ ಮೇಲೆ ನಿರೀಕ್ಷೆಯನ್ನು ತಿದ್ದುವುದು ಈ ಕೆಲಸದಲ್ಲಿ ತುಂಬಾ ಸುಲಭ, ಮತ್ತು ತುಂಬಾ ಹಾನಿ.

ಹಂತ 2: ಕೈಯಲ್ಲೇ ಲೆಕ್ಕ ಮಾಡಿ

1972ರಲ್ಲಿ ಮನಶ್ಶಾಸ್ತ್ರಜ್ಞರಾದ ರೆಸ್ಕೋರ್ಲಾ ಮತ್ತು ವ್ಯಾಗ್ನರ್ ಕೊಟ್ಟ ನಿಯಮದಿಂದ ಶುರು ಮಾಡಿ. ನಮ್ಮ ಮಾತಿನಲ್ಲಿ ಅದು ಹೀಗೆ:

ಹೊಸ ಭಯ = ಹಳೆಯ ಭಯ + ಕಲಿಕೆಯ ದರ × (ಆದದ್ದು − ನಿರೀಕ್ಷಿಸಿದ್ದು)

ಸ್ಫೋಟ ಆದರೆ "ಆದದ್ದು" 1, ಆಗದಿದ್ದರೆ 0. ಕಲಿಕೆಯ ದರ 0.3 ಇರಲಿ. ಭಯ 0ಯಿಂದ ಶುರು. ಸುಳಿವು ಒಂದೇ ಇರುವುದರಿಂದ "ನಿರೀಕ್ಷಿಸಿದ್ದು" ಅಂದರೆ ಸದ್ಯಕ್ಕೆ ಹಳೆಯ ಭಯವೇ. ಮೊದಲ ಸಲ 0.3 ಆಗುತ್ತದೆ. ಎರಡನೇ ಸಲ ವ್ಯತ್ಯಾಸ 0.7 ಮಾತ್ರ ಉಳಿದಿದೆ, ಅದರ 0.3 ಪಾಲು 0.21, ಒಟ್ಟು 0.51. ಮೂರನೇ ಸಲ 0.657. ಹತ್ತನೇ ಸಲಕ್ಕೆ 0.97. ಮೊದಮೊದಲು ದೊಡ್ಡ ಹೆಜ್ಜೆ, ಆಮೇಲೆ ಚಿಕ್ಕ ಹೆಜ್ಜೆ. ಅಚ್ಚರಿ ಕಡಿಮೆಯಾದಂತೆ ಕಲಿಕೆಯೂ ಕಡಿಮೆಯಾಗುತ್ತದೆ. ಈ ನಿಯಮದ ಜೀವಾಳ ಇದೇ.

ಈಗ ಸ್ಫೋಟ ಇಲ್ಲದೆ ಸೈರನ್ ಮಾತ್ರ ಹತ್ತು ಸಲ ಕೂಗಿಸಿ. 0.97 ಇಳಿದು 0.03ರ ಹತ್ತಿರ ಬರಬೇಕು. ಬರದಿದ್ದರೆ ಮುಂದೆ ಹೋಗಬೇಡಿ.

ಎಚ್ಚರಿಕೆಯ ಲಕ್ಷಣ: ತಣಿಯುವ ಹಂತದಲ್ಲೂ ಭಯ ಏರುತ್ತಿದ್ದರೆ ಅಥವಾ ಹಾಗೇ ನಿಂತಿದ್ದರೆ, "ಆದದ್ದು" ಅನ್ನುವ ಜಾಗದಲ್ಲಿ ಇನ್ನೂ 1 ಕೂತಿದೆ ಅಂತ ಅರ್ಥ.

ಹಂತ 3: ಕೋಡ್ ಬರೆಯಿರಿ, ಕೆಂಪು ದೀಪದ ಪರೀಕ್ಷೆ ಮಾಡಿ

ಕೋಡ್ ಇಪ್ಪತ್ತು ಸಾಲು ಮೀರಬಾರದು. ಪ್ರತಿ ಸಲಕ್ಕೂ ಯಾವ ಸುಳಿವು ಇತ್ತು ಅಂತ 1, 0ಗಳ ಒಂದು ಪಟ್ಟಿ, ಪೆಟ್ಟು ಬಿತ್ತೋ ಇಲ್ಲವೋ ಅಂತ ಇನ್ನೊಂದು ಪಟ್ಟಿ, ಒಂದು ಲೂಪ್. ಅಷ್ಟೇ.

ಜಾಸ್ತಿ ಜನ ತಪ್ಪು ಮಾಡುವ ಜಾಗ ಇಲ್ಲಿದೆ. "ನಿರೀಕ್ಷಿಸಿದ್ದು" ಅಂದರೆ ಆ ಹೊತ್ತಿಗೆ ಎದುರಿಗಿದ್ದ ಎಲ್ಲ ಸುಳಿವುಗಳ ಭಯದ ಮೊತ್ತ. ಒಂದೊಂದು ಸುಳಿವಿಗೂ ಅದರದ್ದೇ ಭಯವನ್ನು ಮಾತ್ರ ಕಳೆದರೆ ಇಡೀ ನಿಯಮವೇ ಸತ್ತುಹೋಗುತ್ತದೆ. ಇನ್ನೊಂದು ತಪ್ಪು, ಸೈರನ್‌ನ ಬೆಲೆ ಬದಲಿಸಿ, ಆ ಹೊಸ ಮೊತ್ತ ಹಿಡಿದು ದೀಪದ ಬೆಲೆ ಬದಲಿಸುವುದು. ವ್ಯತ್ಯಾಸವನ್ನು ಒಂದೇ ಸಲ ಲೆಕ್ಕ ಹಾಕಿ, ಅದನ್ನೇ ಎಲ್ಲಕ್ಕೂ ಹಂಚಿ. ಎದುರಿಗೆ ಇಲ್ಲದ ಸುಳಿವನ್ನು ಮುಟ್ಟಲೇಬೇಡಿ.

ಕೋಡ್ ಸರಿ ಇದೆಯೋ ಅಂತ ತಿಳಿಯಲು ಕೆಂಪು ದೀಪದ ಪರೀಕ್ಷೆ ಸಾಕು. 1960ರ ದಶಕದ ಕೊನೆಗೆ ಮನಶ್ಶಾಸ್ತ್ರಜ್ಞ ಕೇಮಿನ್ ಇಲಿಗಳಲ್ಲಿ ಸದ್ದು ಮತ್ತು ಬೆಳಕು ಬಳಸಿ ತೋರಿಸಿದ್ದು ಇದನ್ನೇ. ಸೈರನ್ ಮಾತ್ರ ಹತ್ತು ಸಲ ಕಲಿಸಿ, ಆಮೇಲೆ ಸೈರನ್ ಜೊತೆ ದೀಪ ಸೇರಿಸಿ ಹತ್ತು ಸಲ ಕಲಿಸಿ. ದೀಪಕ್ಕೆ ಸಿಗುವ ಭಯ ಬರೀ 0.014. ಶುರುವಿನಿಂದಲೇ ಎರಡನ್ನೂ ಒಟ್ಟಿಗೆ ಕಲಿಸಿದರೆ ಒಂದೊಂದಕ್ಕೂ 0.5 ಸಿಗುತ್ತದೆ. ನಿಮಗೂ ಇದೇ ಅಂಕಿ ಬಂದರೆ ಕೋಡ್ ನಂಬಬಹುದು. ಎರಡು ಸಲವೂ ದೀಪಕ್ಕೆ 0.97 ಬಂದರೆ ಮೊತ್ತ ಹಾಕುವುದನ್ನು ಮರೆತಿದ್ದೀರಿ.

ಎಚ್ಚರಿಕೆಯ ಲಕ್ಷಣ: ಸುಳಿವುಗಳ ಸಂಖ್ಯೆಯನ್ನು ಕಲಿಕೆಯ ದರದಿಂದ ಗುಣಿಸಿ. 1 ದಾಟಿದರೆ ಗೆರೆ ಹಾವಿನಂತೆ ಮೇಲೆ ಕೆಳಗೆ ಹೊರಳುತ್ತದೆ, 2 ದಾಟಿದರೆ ಅಂಕಿ ಸ್ಫೋಟಿಸುತ್ತದೆ. ದರ 0.3 ಇಟ್ಟು ಏಳು ಸುಳಿವು ಹಾಕಿದವರು ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ. 7 × 0.3 ಅಂದರೆ 2.1, ಅಲ್ವಾ? ದರ ಇಳಿಸಿದರೆ ಆಯಿತು.

ಹಂತ 4: ಮಾದರಿ ಸೋಲುವ ಜಾಗಕ್ಕೆ ಬೇಕಂತಲೇ ಹೋಗಿ

ಇಲ್ಲಿ ಆತುರ ಬೇಡ. ಪ್ರಾಜೆಕ್ಟ್‌ನ ತಿರುಳು ಇಲ್ಲಿದೆ.

ಈ ನಿಯಮದ ಪ್ರಕಾರ ಭಯ ತಣಿಯಿತು ಅಂದರೆ ಕಲಿತದ್ದು ಅಳಿಸಿಹೋಯಿತು. ನಿಜವಾದ ಪ್ರಾಣಿಯಲ್ಲಿ ಹಾಗೆ ಆಗುವುದಿಲ್ಲ. ತಣಿದ ಪ್ರತಿಕ್ರಿಯೆ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ತಾನಾಗಿಯೇ ಮರಳುವುದನ್ನು ರಷ್ಯಾದ ವಿಜ್ಞಾನಿ ಪಾವ್ಲೋವ್ ತನ್ನ ನಾಯಿಗಳಲ್ಲೇ ನೋಡಿದ್ದ. ಜಾಗ ಬದಲಾದರೂ ಮರಳುತ್ತದೆ. ಮನಶ್ಶಾಸ್ತ್ರಜ್ಞ ಬೂಟನ್ ಅವರ ಪ್ರಯೋಗಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. ಒಂದು ಪೆಟ್ಟಿಗೆಯಲ್ಲಿ ಕಲಿತ ಭಯವನ್ನು ಇನ್ನೊಂದು ಪೆಟ್ಟಿಗೆಯಲ್ಲಿ ತಣಿಸಿ, ಪ್ರಾಣಿಯನ್ನು ಮೊದಲ ಪೆಟ್ಟಿಗೆಗೆ ವಾಪಸ್ ತಂದರೆ ಭಯವೂ ವಾಪಸ್ ಬರುತ್ತದೆ.

ನಮ್ಮ ನಾಯಿಯನ್ನು ಗಣಿ ಹತ್ತಿರದ ಊರಿಂದ ಕೊಪ್ಪಳದ ನೆಂಟರ ಮನೆಗೆ ಕಳಿಸಿದರು ಅನ್ನಿ. ಅಲ್ಲಿ ಅಂಥದ್ದೇ ಸೈರನ್ ಕೇಳುತ್ತದೆ, ಸ್ಫೋಟ ಇಲ್ಲ. ಕೆಲವು ದಿನಕ್ಕೆ ಸೈರನ್ ಕೂಗಿದರೂ ನಾಯಿ ಹಾಯಾಗಿ ಮಲಗಿರುತ್ತದೆ. ವಾಪಸ್ ಊರಿಗೆ ಬಂದ ದಿನ ಸೈರನ್ ಕೇಳಿ ಮತ್ತೆ ಕಟ್ಟೆಯ ಕೆಳಗೆ ಓಡುತ್ತದೆ. ನಿಮ್ಮ ಹಂತ 3ರ ಮಾದರಿ ಇಲ್ಲಿ 0.03 ಅನ್ನುತ್ತದೆ. ಅದು ತಪ್ಪು.

ಈ ಸೋಲನ್ನು ಗ್ರಾಫ್ ಮಾಡಿ ವರದಿಯಲ್ಲಿ ಹಾಕಿ. ಮುಚ್ಚಿಡಬೇಡಿ. ಮುಂದೆ ಸೇರಿಸುವ ಪ್ರತಿಯೊಂದು ಮೆದುಳಿನ ಭಾಗಕ್ಕೂ ಕಾರಣ ಸಿಗುವುದು ಈ ಗ್ರಾಫ್‌ನಿಂದಲೇ.

ಹಂತ 5: ಈಗ ಮೆದುಳಿನ ಭಾಗಗಳನ್ನು ಒಂದೊಂದಾಗಿ ತನ್ನಿ

ಮೊದಲು ದಾರಿಗಳನ್ನು ಬರೆದುಕೊಳ್ಳಿ. ಸದ್ದು ಕಿವಿಯಿಂದ ಥಲಾಮಸ್‌ಗೆ (ಮೆದುಳಿನೊಳಗಿನ ಸುದ್ದಿ ಹಂಚುವ ಭಾಗ) ಬರುತ್ತದೆ. ಅಲ್ಲಿಂದ ಅಮಿಗ್ಡಲಾದ ಪಕ್ಕದ ಭಾಗಕ್ಕೆ ಎರಡು ದಾರಿ: ಒಂದು ನೇರ ಮತ್ತು ಬೇಗ, ಇನ್ನೊಂದು ಕಾರ್ಟೆಕ್ಸ್ (ಮೆದುಳಿನ ಹೊರಪದರ) ಮೂಲಕ, ಸ್ವಲ್ಪ ತಡವಾಗಿ, ಹೆಚ್ಚು ವಿವರದೊಂದಿಗೆ. ಪೆಟ್ಟಿನ ಸುದ್ದಿಯೂ ಈ ಪಕ್ಕದ ಭಾಗಕ್ಕೇ ಬರುತ್ತದೆ. ಸುಳಿವು ಮತ್ತು ಪೆಟ್ಟು ಕೂಡಿಕೊಳ್ಳುವುದು ಇಲ್ಲೇ. ಆಮೇಲೆ ಅಮಿಗ್ಡಲಾದ ಕೇಂದ್ರ ಭಾಗದಿಂದ ಆಜ್ಞೆಗಳು ಹೊರಡುತ್ತವೆ: ಮಿದುಳುಕಾಂಡದ ಕಡೆಗೆ ಹೋದದ್ದು ಮೈ ಮರಗಟ್ಟಿಸುತ್ತದೆ, ಹೈಪೊಥಲಾಮಸ್ ಕಡೆಗೆ ಹೋದದ್ದು ಎದೆಬಡಿತ ಏರಿಸುತ್ತದೆ. ಹಿಪ್ಪೊಕ್ಯಾಂಪಸ್ "ಈಗ ಎಲ್ಲಿದ್ದೀನಿ" ಅಂತ ಹೇಳುತ್ತದೆ. ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಕೆಳಭಾಗ ನಡುವಿನ ತಡೆಕೋಶಗಳ ಮೂಲಕ ಕೇಂದ್ರ ಭಾಗವನ್ನು ಹತ್ತಿಕ್ಕುತ್ತದೆ.

ಈ ಚಿತ್ರ ಬರೆದ ಮೇಲೆ ಯಾರಾದರೂ ಫಿಸಿಯಾಲಜಿ ಮೇಷ್ಟ್ರಿಗೆ ತೋರಿಸಿ. ಬಳ್ಳಾರಿಯಲ್ಲೂ ರಾಯಚೂರಿನಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಬಾಣದ ಗುರುತು ಉಲ್ಟಾ ಇದ್ದರೆ ಅವರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಈಗ ಎಲ್ಲವನ್ನೂ ಒಟ್ಟಿಗೆ ಕೋಡ್ ಮಾಡಬೇಡಿ. ಹಂತ 4ರ ಸೋಲಿಗೆ ಬೇಕಾದಷ್ಟು ಮಾತ್ರ. ಒಂದೇ ಭಯದ ಅಂಕಿಯನ್ನು ಎರಡಾಗಿ ಒಡೆಯಿರಿ: ಭಯದ ನೆನಪು ಮತ್ತು ಸುರಕ್ಷತೆಯ ನೆನಪು. ಭಯದ ನೆನಪು ಎಲ್ಲ ಜಾಗಕ್ಕೂ ಒಂದೇ. ಸುರಕ್ಷತೆಯ ನೆನಪು ಒಂದೊಂದು ಜಾಗಕ್ಕೆ ಒಂದೊಂದು. ನಿರೀಕ್ಷೆ ಅಂದರೆ ಭಯದಿಂದ ಆ ಜಾಗದ ಸುರಕ್ಷತೆಯನ್ನು ಕಳೆದದ್ದು. ಅಂದುಕೊಂಡದ್ದಕ್ಕಿಂತ ಕೆಟ್ಟದ್ದು ಆದರೆ ಭಯ ಬೆಳೆಯುತ್ತದೆ, ಒಳ್ಳೆಯದು ಆದರೆ ಸುರಕ್ಷತೆ ಬೆಳೆಯುತ್ತದೆ. ದರ ಎರಡಕ್ಕೂ 0.3.

ಲೆಕ್ಕ ನೋಡಿ. ಊರಲ್ಲಿ ಹತ್ತು ಸಲ ಕಲಿತ ಮೇಲೆ ಭಯ 0.97. ಕೊಪ್ಪಳದಲ್ಲಿ ಹತ್ತು ಸಲ ತಣಿಸಿದ ಮೇಲೆ ಕೊಪ್ಪಳದ ಸುರಕ್ಷತೆ 0.94, ಅಲ್ಲಿ ಉಳಿಯುವ ಭಯ 0.03. ವಾಪಸ್ ಊರಿಗೆ ಬಂದರೆ ಅಲ್ಲಿನ ಸುರಕ್ಷತೆ 0, ಆದ್ದರಿಂದ ಭಯ ಪೂರ್ತಿ 0.97. ಜಾಗ ಬದಲಾದಾಗ ಮರಳುವ ಭಯ ಒಂದೇ ಒಂದು ಸೇರ್ಪಡೆಯಿಂದ ಬಂತು.

ದಿನ ಕಳೆದಂತೆ ಮರಳುವ ಭಯಕ್ಕೆ ಸುರಕ್ಷತೆಯ ನೆನಪನ್ನು ದಿನಕ್ಕೆ 0.9ರಿಂದ ಗುಣಿಸಿ, ಭಯವನ್ನು ಹಾಗೇ ಬಿಡಿ. ಏಳು ದಿನ ಕಳೆದರೆ 0.94 ಇದ್ದದ್ದು 0.45 ಆಗುತ್ತದೆ, ಭಯ 0.52ಕ್ಕೆ ಏರುತ್ತದೆ. ಆದರೆ ಈ 0.9 ನೀವೇ ಕೈಯಾರೆ ಇಟ್ಟದ್ದು. ವರದಿಯಲ್ಲಿ "ಊಹೆ" ಅಂತಲೇ ಬರೆಯಿರಿ. ಕಾಲವೂ ಒಂದು ಬಗೆಯ ಜಾಗ, ದಿನ ಕಳೆದರೆ ಪ್ರಾಣಿ ಬೇರೆ ಜಾಗಕ್ಕೆ ಹೋದ ಹಾಗೆಯೇ ಅನ್ನುವ ವಿವರಣೆಯೂ ಇದೆ. ಎರಡರಲ್ಲಿ ಯಾವುದನ್ನು ಆರಿಸಿದಿರಿ, ಯಾಕೆ ಅಂತ ಎರಡು ಸಾಲು ಬರೆದರೆ ಒಳ್ಳೆಯ ಪರೀಕ್ಷಕರು ಅದನ್ನೇ ಮೆಚ್ಚುತ್ತಾರೆ.

ಇಷ್ಟಕ್ಕೆ ನಿಲ್ಲಿಸದೆ ನ್ಯೂರಾನ್‌ಗಳ ಮಟ್ಟಕ್ಕೆ ಇಳಿಯುವವರಿಗೆ ಒಂದು ಮಾತು. ಜೊತೆಯಲ್ಲಿ ಚುರುಕಾದ ಕೋಶಗಳ ನಂಟು ಗಟ್ಟಿಯಾಗುವ ಹೆಬ್ ನಿಯಮ ಬಳಸಿದರೆ ತೂಕಗಳು (ಕೋಶಗಳ ನಂಟಿನ ಬಲ ಹೇಳುವ ಅಂಕಿಗಳು) ಮಿತಿಯಿಲ್ಲದೆ ಬೆಳೆಯುತ್ತವೆ. ಪ್ರತಿ ಸಲವೂ ಒಂದು ಕೋಶಕ್ಕೆ ಬರುವ ತೂಕಗಳ ಮೊತ್ತವನ್ನು ಒಂದೇ ಅಂಕಿಗೆ ಕಟ್ಟಿಹಾಕಿ. 1995ರಲ್ಲಿ ಮೆದುಳು ವಿಜ್ಞಾನಿಗಳಾದ ಆರ್ಮನಿ, ಲೆಡೂ ಮತ್ತು ಜೊತೆಗಾರರು ಎರಡು ದಾರಿಯ ಇಂಥ ಮಾದರಿ ಕಟ್ಟಿದ್ದರು. ಕಾರ್ಟೆಕ್ಸ್ ದಾರಿ ಕಡಿದರೂ ಒಂದು ಸದ್ದಿನ ಭಯ ಅಕ್ಕಪಕ್ಕದ ಸದ್ದುಗಳಿಗೆ ಹರಡುವ ರೀತಿ ಬದಲಾಗದು ಅಂತ ಮಾದರಿ ಹೇಳಿತು. 1997ರಲ್ಲಿ ಇಲಿಗಳಲ್ಲಿ ನೋಡಿದಾಗ ಹಾಗೆಯೇ ಇತ್ತು. ಮಾದರಿ ಮುಂಚೆ ಹೇಳಿ, ಪ್ರಯೋಗ ಆಮೇಲೆ ಒಪ್ಪಿದ್ದು. ನಮ್ಮ ಪ್ರಾಜೆಕ್ಟ್‌ಗಳೂ ಈ ಕಡೆಗೆ ಮುಖ ಮಾಡಬೇಕು ಅಂತ ನನ್ನ ಆಸೆ.

ಹಂತ 6: ಭಾಗಗಳನ್ನು ಕಿತ್ತು ನೋಡಿ

ಮೆದುಳಿನ ಹೆಸರಿಟ್ಟ ಮೇಲೆ ಆ ಹೆಸರಿಗೆ ಬೆಲೆ ಬರುವುದು ಆ ಭಾಗವನ್ನು ತೆಗೆದಾಗ. ಕೋಡ್‌ನಲ್ಲಿ ಒಂದೊಂದು ಭಾಗಕ್ಕೂ 1 ಅಥವಾ 0 ಆಗುವ ಒಂದು ಸ್ವಿಚ್ ಇಡಿ.

ಹಿಪ್ಪೊಕ್ಯಾಂಪಸ್‌ನಿಂದ ಶುರು ಮಾಡಿ. ಜಾಗವನ್ನೂ ಒಂದು ಸುಳಿವಾಗಿ ಸೇರಿಸಿ, ಅದರ ಕಲಿಕೆಯ ದರ ಚಿಕ್ಕದಿರಲಿ, 0.05. ಸಾಕಷ್ಟು ಸಲ ಕಲಿಸಿದ ಮೇಲೆ ಸೈರನ್‌ಗೆ 0.86, ಜಾಗಕ್ಕೆ 0.14 ಸಿಗುತ್ತದೆ. ಈಗ ಹಿಪ್ಪೊಕ್ಯಾಂಪಸ್ ಸ್ವಿಚ್ ಆರಿಸಿ. ಜಾಗದ ಭಯ 0ಗೆ ಬೀಳಬೇಕು, ಸೈರನ್‌ನ 0.86 ಹಾಗೇ ನಿಲ್ಲಬೇಕು. 1992ರಲ್ಲಿ ಸಂಶೋಧಕರಾದ ಕಿಮ್ ಮತ್ತು ಫ್ಯಾನ್ಸೆಲೋ ಇಲಿಗಳಲ್ಲಿ ಕಂಡದ್ದೂ ಇದೇ: ಕಲಿತ ಮರುದಿನ ಹಿಪ್ಪೊಕ್ಯಾಂಪಸ್‌ಗೆ ಹಾನಿಯಾದರೆ ಪೆಟ್ಟಿಗೆಯ ಭಯ ಹೋಯಿತು, ಸದ್ದಿನ ಭಯ ಉಳಿಯಿತು.

ಈಗ ಪ್ರಿಫ್ರಂಟಲ್ ಸ್ವಿಚ್. ಇಲ್ಲಿ ನಿಮ್ಮ ಮಾದರಿ ಮತ್ತೆ ಸೋಲುತ್ತದೆ, ಸೋಲಲೇಬೇಕು. ಸುರಕ್ಷತೆಯ ನೆನಪನ್ನೆಲ್ಲ ಪ್ರಿಫ್ರಂಟಲ್‌ಗೆ ಕೊಟ್ಟು ಅದನ್ನು ಆರಿಸಿದರೆ ಭಯ ತಣಿಯುವುದೇ ಇಲ್ಲ. ಆದರೆ 2000ದಲ್ಲಿ ಸಂಶೋಧಕ ಕ್ವಿರ್ಕ್ ಮತ್ತು ಜೊತೆಗಾರರು ಕಂಡದ್ದು ಬೇರೆ. ಆ ಭಾಗ ಇಲ್ಲದ ಇಲಿಗಳ ಭಯವೂ ಆ ದಿನದ ಮಟ್ಟಿಗೆ ತಣಿಯಿತು, ಮರುದಿನ ಮಾತ್ರ ಮತ್ತೆ ಜೋರಾಗಿ ಬಂತು. ಅಂದರೆ ಕಲಿಯುವುದಕ್ಕೆ ಬೇರೆ ವ್ಯವಸ್ಥೆ ಇದೆ, ಪ್ರಿಫ್ರಂಟಲ್ ಬೇಕಾಗುವುದು ಅದನ್ನು ಮರುದಿನ ನೆನಪಿಗೆ ತರಲು.

ಆದ್ದರಿಂದ ಸುರಕ್ಷತೆಯನ್ನೂ ಎರಡಾಗಿ ಒಡೆಯಿರಿ. ಒಂದು ಆ ದಿನಕ್ಕೆ ಮಾತ್ರ. ಇನ್ನೊಂದು ಉಳಿಯುವಂಥದ್ದು. ದಿನ ಮುಗಿದಾಗ ಪ್ರಿಫ್ರಂಟಲ್ ಸ್ವಿಚ್ 1 ಇದ್ದರೆ ಮೊದಲನೆಯದನ್ನು ಎರಡನೆಯದಕ್ಕೆ ಸೇರಿಸಿ, ಆಮೇಲೆ ಮೊದಲನೆಯದನ್ನು 0 ಮಾಡಿ. ಈಗ ಮರುದಿನ ಅದೇ ಜಾಗದಲ್ಲಿ ನೋಡಿ: ಸ್ವಿಚ್ ಇದ್ದರೆ, ಸುರಕ್ಷತೆಗೆ ಒಂದು ದಿನದ ಸವಕಳಿ (0.9ರ ಗುಣಾಕಾರ) ಆದ ಮೇಲೆ ಭಯ 0.12. ಇಲ್ಲದಿದ್ದರೆ 0.97. ಜಾಗವನ್ನು ಸುಳಿವಾಗಿ ಸೇರಿಸದೆ ಮಾಡಿದ ಲೆಕ್ಕ ಇದು, ಹೋಲಿಸುವಾಗ ಅದನ್ನು ಮರೆಯಬೇಡಿ.

ಅಮಿಗ್ಡಲಾ ಸ್ವಿಚ್ ಆರಿಸಿದರೆ ಎಲ್ಲವೂ 0. ಇದನ್ನು ದೊಡ್ಡ ಫಲಿತಾಂಶ ಅಂತ ತೋರಿಸಬೇಡಿ, ಮಾದರಿಯನ್ನು ಹಾಗೆಯೇ ಕಟ್ಟಿದ್ದೀರಿ.

ಹಂತ 7: ಮುಖದಲ್ಲಿ ಭಯ ಗುರುತಿಸುವ ಭಾಗ ಬೇರೆಯೇ ಇಡಿ

ಭಯ ಕಲಿಯುವುದು ಒಂದು ಕೆಲಸ. ಬೇರೆಯವರ ಮುಖದಲ್ಲಿ ಭಯ ಗುರುತಿಸುವುದು ಇನ್ನೊಂದು. ಎರಡನ್ನೂ ಒಂದೇ ನೆಟ್‌ವರ್ಕ್‌ಗೆ ತುರುಕಬೇಡಿ.

ಹೆಚ್ಚಿನವರು ಬಳಸುವ ಫೆರ್-2013 ಚಿತ್ರಸಂಗ್ರಹದಲ್ಲಿ 48 × 48 ಅಳತೆಯ 35,887 ಕಪ್ಪುಬಿಳುಪು ಮುಖಗಳಿವೆ, ಏಳು ಬಗೆಯ ಭಾವ. ಸಮ ಹಂಚಿಕೆ ಇಲ್ಲ. ಕಲಿಸುವ ಭಾಗದಲ್ಲಿ ಸಂತೋಷದ 7,215 ಚಿತ್ರಗಳಿದ್ದರೆ ಭಯದ್ದು 4,097, ಅಸಹ್ಯದ್ದು ಬರೀ 436. ಹಾಗಾಗಿ ಒಟ್ಟು ಅಕ್ಯುರಸಿ ನೋಡಿ ಮೋಸ ಹೋಗಬೇಡಿ. ಯಾವ ಭಾವವನ್ನು ಯಾವುದು ಅಂತ ತಪ್ಪು ತಿಳಿಯಿತು ಅನ್ನುವ ಕೋಷ್ಟಕ ತೆಗೆಯಿರಿ. ಭಯ ಹೆಚ್ಚಾಗಿ ಅಚ್ಚರಿ ಮತ್ತು ದುಃಖದ ಜೊತೆ ಬೆರೆತುಹೋಗುತ್ತದೆ.

ಇದನ್ನು ಮೆದುಳಿಗೆ ಹೋಲಿಸಬೇಕಾದರೆ ಕಣ್ಣಿನ ಪಟ್ಟಿಯನ್ನು ಬೂದು ಬಣ್ಣದಿಂದ ಮುಚ್ಚಿ ಪರೀಕ್ಷಿಸಿ. ಸಂಶೋಧನೆಯಲ್ಲಿ ಎಸ್.ಎಂ. ಅಂತ ಮಾತ್ರ ಕರೆಯುವ ಒಬ್ಬ ಮಹಿಳೆಯ ಎರಡೂ ಕಡೆಯ ಅಮಿಗ್ಡಲಾ ಅಪರೂಪದ ಕಾಯಿಲೆಯಿಂದ ಹಾಳಾಗಿತ್ತು. ಮುಖದಲ್ಲಿ ಭಯವನ್ನು ಗುರುತಿಸಲು ಆಕೆಗೆ ಕಷ್ಟ ಅಂತ 1994ರಲ್ಲಿ ವರದಿಯಾಯಿತು. 2005ರಲ್ಲಿ ಕಾರಣ ಸಿಕ್ಕಿತು: ಆಕೆ ತಾನಾಗಿ ಕಣ್ಣುಗಳ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ನೋಡಿ ಅಂತ ಹೇಳಿದಾಗ ಸರಿಯಾಗಿ ಗುರುತಿಸಿದರು. ಕಣ್ಣು ಮುಚ್ಚಿದಾಗ ನಿಮ್ಮ ನೆಟ್‌ವರ್ಕ್ ಭಯದಲ್ಲಿ ಎಷ್ಟು ಕುಸಿಯಿತು, ಅಷ್ಟೇ ಅಗಲದ ಪಟ್ಟಿಯನ್ನು ಬಾಯಿಗೆ ಹಾಕಿದಾಗ ಎಷ್ಟು ಕುಸಿಯಿತು ಅಂತ ಎರಡನ್ನೂ ಕೊಡಿ. ಬಾಯಿಯ ಪರೀಕ್ಷೆ ಇಲ್ಲದೆ ಕಣ್ಣಿನ ಅಂಕಿಗೆ ಅರ್ಥವಿಲ್ಲ.

ಊರಿನವರ ಫೋಟೊ ಸೇರಿಸುವ ಆಸೆ ಇದ್ದರೆ ಒಪ್ಪಿಗೆ ಬರೆಸಿಕೊಂಡು, ದೊಡ್ಡವರಿಂದ ಮಾತ್ರ, ನಟಿಸಿದ ಭಾವ ತೆಗೆದುಕೊಳ್ಳಿ. ಯಾರನ್ನೂ ನಿಜವಾಗಿ ಹೆದರಿಸಬೇಡಿ. ಮಕ್ಕಳನ್ನಂತೂ ಬೇಡವೇ ಬೇಡ.

ಹಂತ 8: ತಿರುಗಿಸುವ ಅಂಕಿಗಳು ಜಾಸ್ತಿಯಾಗಿವೆಯೇ ನೋಡಿ

ಈಗ ನಿಮ್ಮ ಮಾದರಿಯಲ್ಲಿ ಕಲಿಕೆಯ ದರ, ಸವಕಳಿಯಂಥ, ನೀವೇ ಬದಲಿಸಬಹುದಾದ ಮೂರು ನಾಲ್ಕು ಅಂಕಿಗಳಿವೆ. ಗೊತ್ತಿರುವ ಬೆಲೆ ಇಟ್ಟು ನಕಲಿ ಡೇಟಾ ತಯಾರಿಸಿ, ಸ್ವಲ್ಪ ಗದ್ದಲ (ಅಂಕಿಗಳಲ್ಲಿ ಅಡ್ಡಾದಿಡ್ಡಿ ಏರುಪೇರು) ಸೇರಿಸಿ. ಆಮೇಲೆ ಆ ಬೆಲೆ ಗೊತ್ತಿಲ್ಲದವರಂತೆ ಡೇಟಾದಿಂದ ಹುಡುಕಿ ತೆಗೆಯಿರಿ. 0.3 ಇಟ್ಟದ್ದು 0.3ರ ಹತ್ತಿರವೇ ಸಿಗಬೇಕು. ಒಮ್ಮೆ 0.1, ಇನ್ನೊಮ್ಮೆ 0.7 ಸಿಕ್ಕರೆ ಆ ಅಂಕಿಗೆ ನೀವು ಕೊಡುವ ಯಾವ ಅರ್ಥವೂ ನಿಲ್ಲುವುದಿಲ್ಲ. ಅದನ್ನು ತೆಗೆದುಹಾಕಿ.

ಹಂತ 9: ವರದಿಯಲ್ಲಿ ಎಷ್ಟು ಹೇಳಬಹುದು

ನಿಮ್ಮ ಮಾದರಿಗೆ ಭಯವಾಗುವುದಿಲ್ಲ. ಅದು ಅಪಾಯ ಕಂಡಾಗ ಬರುವ ಪ್ರತಿಕ್ರಿಯೆಯ ಲೆಕ್ಕ. ಲೆಡೂ ಅವರೇ ಭಯದ ಅನುಭವ ಮತ್ತು ಈ ಪ್ರತಿಕ್ರಿಯೆ ಎರಡನ್ನೂ ಬೇರೆ ಬೇರೆಯಾಗಿ ಹೇಳಬೇಕು ಅಂತ ಒತ್ತಿ ಹೇಳುತ್ತಾ ಬಂದಿದ್ದಾರೆ. "ಅಮಿಗ್ಡಲಾ ಭಯದ ಕೇಂದ್ರ" ಅಂತಲೂ ಬರೆಯಬೇಡಿ. ಅದೇ ಎಸ್.ಎಂ.ಗೆ ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿ ಕೊಟ್ಟಾಗ ಗಾಬರಿಯಾಗಿ ಒದ್ದಾಡಿದರು ಅಂತ 2013ರಲ್ಲಿ ವರದಿಯಾಗಿದೆ.

ಆಘಾತದಿಂದ ನರಳುವವರಿಗೆ ಇದು ಚಿಕಿತ್ಸೆ, ಸಿಸಿಟಿವಿಗೆ ಹಾಕಿದರೆ ಹೆದರಿದವರನ್ನು ಹಿಡಿಯಬಹುದು ಅಂತ ಕೊನೆಯ ಪುಟದಲ್ಲಿ ಬರೆಯುವ ಅಭ್ಯಾಸ ಬಿಡಿ. ಹಂತ 7ರ ತಪ್ಪುಗಳ ಕೋಷ್ಟಕ ನೋಡಿದವರು ಆ ಮಾತು ಹೇಳಲಾರರು.

ಒಪ್ಪಿಸುವ ಫೋಲ್ಡರ್‌ನಲ್ಲಿ ಹಂತ 1ರ ಕಾಗದದ ಫೋಟೊ, ಹಂತ 4ರ ಸೋತ ಗ್ರಾಫ್, ಹಂತ 6ರ ಸ್ವಿಚ್‌ಗಳ ಫಲಿತಾಂಶ, ರ‍್ಯಾಂಡಮ್ ಸೀಡ್‌ನ ಅಂಕಿ (ಅಡ್ಡಾದಿಡ್ಡಿ ಅಂಕಿಗಳು ಪ್ರತಿ ಸಲವೂ ಅವೇ ಬರುವಂತೆ ಮಾಡುವ ಸಂಖ್ಯೆ), ಬಳಸಿದ ಲೈಬ್ರರಿಗಳ ಆವೃತ್ತಿ ಇರಲಿ. ಒಪ್ಪಿಸುವ ಮೊದಲು ಗೆಳೆಯರ ಲ್ಯಾಪ್‌ಟಾಪ್‌ನಲ್ಲಿ, ನೀವು ಪಕ್ಕದಲ್ಲಿ ಕೂರದೆ, ಅವರ ಕೈಯಿಂದಲೇ ಓಡಿಸಿ. ಕೆಂಪು ದೀಪಕ್ಕೆ ಅಲ್ಲೂ 0.014 ಬರಬೇಕು.